ಅಣು ಅಪಘಾತ: ಓಡಬೇಕೇ, ಒಳಗಿರಬೇಕೇ?

ಕುಡಿಯುವ ನೀರಿನ ಒಂದು ಕೂಲರ್‌ನಿಂದಾಗಿ ನಮ್ಮ ರಾಜ್ಯದ ಅಣು ವಿದ್ಯುತ್ ಕೇಂದ್ರ ದೇಶದ ತುಂಬ ಸುದ್ದಿಯಾದ ಪ್ರಸಂಗ ನಿಮಗೆ ನೆನಪಿರಬಹುದು. ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ಅಣುಸ್ಥಾವರದ ನೌಕರರ ಮೂತ್ರವನ್ನು ಆಗಾಗ ತಪಾಸಣೆ ಮಾಡುವ ಪದ್ಧತಿ ಇದೆ. 2009ರ ನವೆಂಬರ್ 24ರಂದು ಇಂಥ ತಪಾಸಣೆಯಲ್ಲಿ ಕೆಲವರ ಮೂತ್ರದಲ್ಲಿ ಟ್ರಿಟಿಯಂ ಎಂಬ ವಿಕಿರಣ ವಸ್ತು ಮಾಮೂಲಿಗಿಂತ ಹೆಚ್ಚು ಕಂಡುಬಂದಿತು. ಹುಡುಕುತ್ತ ಹೋದಾಗ ಅದರ ಮೂಲ ಸ್ಥಾವರದ ಕೊಳವೆಯಲ್ಲಾಗಲಿ ಕವಾಟದಲ್ಲಾಗಲಿ ಇರಲಿಲ್ಲ. ಕೆಲಸಗಾರರು ನೀರು ಕುಡಿಯುತ್ತಿದ್ದ ಕೂಲರ್‌ನಲ್ಲಿತ್ತು. ಯಾರೋ ಬೇಕೆಂದೇ ಅದರಲ್ಲಿ ಟ್ರಿಟಿಯಂ ಬೆರೆತ ಭಾರಜಲವನ್ನು ಸುರಿದಿದ್ದರು ಎಂದು ಅಂದಿನ ಅಣುಶಕ್ತಿ ಆಯೋಗದ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಹೇಳಿದರು. ಐವತ್ತಕ್ಕೂ ಹೆಚ್ಚು ನೌಕರರು ಆ ನೀರು ಕುಡಿದಿದ್ದರು.

ಸ್ಥಾವರದಿಂದ ಹೊರಗೆ ಏನೂ ಸೋರಿರಲಿಲ್ಲ. ಹೆಚ್ಚಿನವರ ದೇಹ ಸೇರಿದ ವಿಕಿರಣದ ಪ್ರಮಾಣ ನೌಕರರಿಗೆ ವಿಧಿಸಿದ ವಾರ್ಷಿಕ ಮಿತಿಯ ಒಳಗೇ ಇತ್ತು. ಆದರೂ ಸುದ್ದಿ ಪತ್ರಿಕೆಗಳಿಗೆ ಬಂದದ್ದು ಕೆಲವು ದಿನಗಳ ನಂತರ. ಅಷ್ಟರಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಆತಂಕ ಹರಡಿತ್ತು. ಕೊನೆಗೆ ಪ್ರಧಾನಿ ಮನಮೋಹನ್ ಸಿಂಗ್ ಅವರೇ ಗಾಬರಿಪಡುವಂಥದ್ದೇನೂ ಇಲ್ಲ ಎಂದು ಹೇಳಬೇಕಾಯಿತು.

ವಿಜಯಪುರದಿಂದ ಕೈಗಾ ನೇರ ದಾರಿಯಲ್ಲಿ ಅಳೆದರೆ ಸುಮಾರು 250 ಕಿ.ಮೀ. ದೂರ. ಜೋರಾಪುರ ಪೇಟೆಯ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಪತ್ರಿಕೆ ಓದುವ ನಿಮಗೆ ಇದು ಕರಾವಳಿಯವರ ಚಿಂತೆ ಅನ್ನಿಸಬಹುದು. ಆದರೆ ಅಣು ಅಪಘಾತದ ಸುದ್ದಿ ಬಂದಾಗ ಜನ ಮಾಡುವ ತಪ್ಪುಗಳಿಗೆ ದೂರದ ಲೆಕ್ಕವಿಲ್ಲ. ಇದುವರೆಗಿನ ಅಪಘಾತಗಳನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಆಪತ್ತು ಬಂದಾಗ ಜನರ ಆರೋಗ್ಯವನ್ನು ಉಳಿಸಿದ್ದು ಅಥವಾ ಕೆಡಿಸಿದ್ದು ವಿಕಿರಣವೊಂದೇ ಅಲ್ಲ. ಮೊದಲ ಎರಡು ಮೂರು ದಿನಗಳಲ್ಲಿ ಅವರಿಗೆ ಯಾವ ಮಾಹಿತಿ ಸಿಕ್ಕಿತು, ಅವರು ಏನು ಮಾಡಿದರು ಎಂಬುದೂ ಅಷ್ಟೇ ಮುಖ್ಯವಾಯಿತು. ಆದ್ದರಿಂದ ಈ ವಿಷಯವನ್ನು ಶಾಂತವಾಗಿರುವಾಗಲೇ ತಿಳಿದುಕೊಳ್ಳುವುದು ಒಳ್ಳೆಯದು.

ಟ್ರಿಟಿಯಂ ಎಂದರೇನು?

ಕೈಗಾದಂಥ ಸ್ಥಾವರಗಳಲ್ಲಿ ಭಾರಜಲವನ್ನು ಬಳಸುತ್ತಾರೆ. ಅದು ಸ್ಥಾವರದೊಳಗೆ ಕೆಲಸ ಮಾಡುತ್ತಿರುವಾಗ ಅದರಲ್ಲಿನ ಜಲಜನಕದ ಸ್ವಲ್ಪ ಭಾಗ ಟ್ರಿಟಿಯಂ ಆಗಿ ಬದಲಾಗುತ್ತದೆ. ಇದು ಹೊರಸೂಸುವ ಕಿರಣ ಬಹಳ ದುರ್ಬಲವಾದದ್ದು. ನಿಮ್ಮ ಚರ್ಮವನ್ನು ದಾಟುವ ಶಕ್ತಿಯೂ ಅದಕ್ಕಿಲ್ಲ. ಆದರೆ ನೀರಿನ ರೂಪದಲ್ಲಿ ಹೊಟ್ಟೆ ಸೇರಿದರೆ ಬೇರೆ ನೀರಿನಂತೆಯೇ ಇಡೀ ದೇಹಕ್ಕೆ ಹರಡುತ್ತದೆ.

ಸಮಾಧಾನದ ಸಂಗತಿ ಎಂದರೆ, ನೀರಿನಂತೆ ಒಳಗೆ ಹೋದದ್ದು ನೀರಿನಂತೆಯೇ ಹೊರಗೂ ಹೋಗುತ್ತದೆ. ದೇಹ ಸೇರಿದ ಟ್ರಿಟಿಯಂನ ಅರ್ಧ ಭಾಗ ಸುಮಾರು ಹತ್ತು ದಿನಗಳಲ್ಲಿ ಮೂತ್ರ, ಬೆವರುಗಳ ಮೂಲಕ ಹೋಗಿಬಿಡುತ್ತದೆ. ಹೆಚ್ಚು ನೀರು ಕುಡಿಸಿ, ಮೂತ್ರ ಹೆಚ್ಚಿಸುವ ಔಷಧ ಕೊಟ್ಟರೆ ಇನ್ನೂ ಬೇಗ ಹೋಗುತ್ತದೆ. ಕೈಗಾದ ನೌಕರರಿಗೆ ಕೊಟ್ಟ ಚಿಕಿತ್ಸೆಯ ತಿರುಳು ಇಷ್ಟೇ.

ಇಲ್ಲಿ ಇನ್ನೊಂದು ಅಂಶ ಗಮನಿಸಿ. ಆ ನೀರಿಗೆ ಬೇರೆ ಬಣ್ಣವಿರಲಿಲ್ಲ, ವಾಸನೆ ಇರಲಿಲ್ಲ, ರುಚಿಯಲ್ಲಿ ವ್ಯತ್ಯಾಸವಿರಲಿಲ್ಲ. ತಪಾಸಣೆಯ ಪದ್ಧತಿ ಇತ್ತೆಂದೇ ಅದು ಗೊತ್ತಾಯಿತು. ವಿಕಿರಣವನ್ನು ನಮ್ಮ ಪಂಚೇಂದ್ರಿಯಗಳು ಗುರುತಿಸಲಾರವು, ಉಪಕರಣಗಳು ಮಾತ್ರ ಗುರುತಿಸಬಲ್ಲವು. ಜನರ ಭಯಕ್ಕೆ ಮೂಲ ಇದೇ. ಆ ಉಪಕರಣ ಯಾರ ಕೈಯಲ್ಲಿದೆಯೋ ಅವರು ನಿಜ ಹೇಳುತ್ತಾರೆ ಎಂಬ ನಂಬಿಕೆ ಇಲ್ಲದಿದ್ದರೆ ಭಯ ಎರಡು ಪಟ್ಟಾಗುತ್ತದೆ.

ಗುಮ್ಮಟ ಕುಸಿದ ದಿನ

ಈ ಅಪನಂಬಿಕೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಕೈಗಾ ಯೋಜನೆಗೆ 1980ರ ದಶಕದಲ್ಲೇ ಪ್ರಬಲ ವಿರೋಧವಿತ್ತು. ಡಾ. ಶಿವರಾಮ ಕಾರಂತರು ಅದರ ಮುಂಚೂಣಿಯಲ್ಲಿದ್ದರು. ತಮ್ಮ ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತು ಪರಿಸರದ ಪ್ರಶ್ನೆಯನ್ನು ಮತದಾರರ ಮುಂದಿಟ್ಟರು. ಹೊನ್ನಾವರದ ಬಳಿ ಸ್ನೇಹಕುಂಜ ಎಂಬ ಸಂಸ್ಥೆ ಕಟ್ಟಿ ಬಡವರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯೆ ಡಾ. ಕುಸುಮಾ ಸೊರಬ ಕೂಡ ಈ ಚಳವಳಿಯಲ್ಲಿದ್ದರು.

ಸ್ಥಾವರ ಕಟ್ಟುತ್ತಿದ್ದಾಗಲೇ, 1994ರ ಮೇ 13ರಂದು, ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟಿನ ಪದರ ಕಳಚಿ ಬಿತ್ತು. ಬಿದ್ದದ್ದು ನೂರು ಟನ್ನಿಗೂ ಹೆಚ್ಚು. ಹದಿನಾಲ್ಕು ಕೆಲಸಗಾರರಿಗೆ ಗಾಯಗಳಾದವು. ಆಗ ಒಳಗೆ ಯುರೇನಿಯಂ ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಬರಲಿಲ್ಲ. ಗೋಲಗುಮ್ಮಟದ ಊರಿನವರಾದ ನಿಮಗೆ ಗುಮ್ಮಟದ ಗಟ್ಟಿತನ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಅಣುಸ್ಥಾವರದ ಗುಮ್ಮಟ ಇರುವುದೇ ಒಳಗೆ ಅನಾಹುತವಾದರೆ ವಿಷ ಹೊರಗೆ ಹೋಗದಂತೆ ತಡೆಯಲಿಕ್ಕೆ. ತಡೆಯಬೇಕಾದ ಗುಮ್ಮಟವೇ ಬಿದ್ದಿತೆಂದರೆ ಜನ ಏನೆಂದುಕೊಳ್ಳಬೇಕು?

ಗುಮ್ಮಟದ ವಿನ್ಯಾಸ ಬದಲಿಸಿ ಮತ್ತೆ ಕಟ್ಟಲಾಯಿತು. 2000ದಲ್ಲಿ ಮೊದಲ ಎರಡು ಘಟಕಗಳು ವಿದ್ಯುತ್ ಮಾರಾಟ ಆರಂಭಿಸಿದವು. ಈಗ ಅಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಯಾವ ಘಟಕದ ಗುಮ್ಮಟ ಕುಸಿದಿತ್ತೋ ಅದೇ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವವರ ಮಾತಿಗೆ ಕಿವಿಗೊಡಬೇಡಿ.

ಮೊದಲ ಪ್ರಶ್ನೆ: ಎಷ್ಟು?

ವಿಕಿರಣದ ಸುದ್ದಿ ಕೇಳಿದಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಎಂಬುದು. ವಿಕಿರಣ ದೇಹಕ್ಕೆ ಮಾಡುವ ಹಾನಿಯನ್ನು ಮಿಲಿಸೀವರ್ಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನೆಲ, ಕಲ್ಲು, ಆಕಾಶ, ಆಹಾರ ಇವುಗಳಿಂದ ಭೂಮಿಯ ಮೇಲಿನ ಪ್ರತಿಯೊಬ್ಬನಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಸಹಜವಾಗಿಯೇ ತಗಲುತ್ತದೆ. ಎದೆಯ ಒಂದು ಎಕ್ಸ್‌ರೇ ತೆಗೆಸಿದರೆ 0.1ಕ್ಕಿಂತ ಕಡಿಮೆ. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನ್‌ಗೆ ಸುಮಾರು 10.

ನಮ್ಮ ದೇಶದಲ್ಲಿ ಅಣುಸ್ಥಾವರದ ನೌಕರನಿಗೆ ಯಾವುದೇ ಒಂದು ವರ್ಷದಲ್ಲಿ 30, ಐದು ವರ್ಷಗಳ ಸರಾಸರಿಯಲ್ಲಿ 20 ಮಿಲಿಸೀವರ್ಟ್ ಮೀರಬಾರದೆಂಬ ನಿಯಮವಿದೆ. ಸ್ಥಾವರದಿಂದಾಗಿ ಸಾರ್ವಜನಿಕರಿಗೆ ವರ್ಷಕ್ಕೆ ಒಂದೇ ಒಂದು. 100 ಮಿಲಿಸೀವರ್ಟ್ ತಗಲಿದರೆ ಮುಂದೆ ಕ್ಯಾನ್ಸರಿನಿಂದ ಸಾಯುವ ಸಂಭವ ಸಾವಿರದಲ್ಲಿ ಐದರಷ್ಟು ಹೆಚ್ಚುತ್ತದೆಂದು ತಜ್ಞರು ಲೆಕ್ಕ ಹಾಕುತ್ತಾರೆ. ಒಮ್ಮೆಗೇ 1000 ತಗಲಿದರೆ ವಾಂತಿ, ನಿಶ್ಶಕ್ತಿ ಮೊದಲಾದ ವಿಕಿರಣ ಕಾಯಿಲೆ ಶುರುವಾಗುತ್ತದೆ. 4000 ತಗಲಿ ಚಿಕಿತ್ಸೆ ಸಿಗದಿದ್ದರೆ ಅರ್ಧದಷ್ಟು ಜನ ಸಾಯುತ್ತಾರೆ.

ಈ ಅಂಕಿಗಳನ್ನು ಕತ್ತರಿಸಿಟ್ಟುಕೊಳ್ಳಿ. ಸ್ವಲ್ಪ ವಿಕಿರಣ ಸೋರಿದೆ ಎಂಬ ಹೇಳಿಕೆಯಿಂದ ನಿಮಗೆ ಏನೂ ತಿಳಿಯುವುದಿಲ್ಲ. ಭಾರೀ ವಿಕಿರಣ ಎಂಬ ಶಿರೋನಾಮೆಯಿಂದಲೂ ತಿಳಿಯುವುದಿಲ್ಲ. ಅಂಕಿ ಕೊಟ್ಟರೆ ಮಾತ್ರ ತಿಳಿಯುತ್ತದೆ.

ಹಾಲಿನ ದಾರಿ

ದೊಡ್ಡ ಅಪಘಾತದಲ್ಲಿ ಗಾಳಿಗೆ ಸೇರುವ ವಸ್ತುಗಳಲ್ಲಿ ಮೊದಲ ದಿನಗಳಲ್ಲಿ ಹೆಚ್ಚು ಅಪಾಯಕಾರಿ ಅಯೋಡಿನ್-131. ನಮ್ಮ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಬೇಕೇಬೇಕು. ಒಳ್ಳೆಯ ಅಯೋಡಿನ್ ಯಾವುದು, ವಿಕಿರಣದ ಅಯೋಡಿನ್ ಯಾವುದು ಎಂಬ ಭೇದ ಆ ಗ್ರಂಥಿಗೆ ತಿಳಿಯದು. ಸಿಕ್ಕಿದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಮಕ್ಕಳ ಗ್ರಂಥಿ ಚಿಕ್ಕದು, ಅವರು ಹಾಲು ಹೆಚ್ಚು ಕುಡಿಯುತ್ತಾರೆ. ಆದ್ದರಿಂದ ಪೆಟ್ಟು ಮೊದಲು ಬೀಳುವುದು ಅವರ ಮೇಲೆ.

ಅದು ಬರುವ ದಾರಿ ಹೀಗೆ: ಗಾಳಿಯಿಂದ ಹುಲ್ಲಿಗೆ, ಹುಲ್ಲಿನಿಂದ ಆಕಳಿಗೆ, ಆಕಳಿನಿಂದ ಹಾಲಿಗೆ, ಹಾಲಿನಿಂದ ಮಗುವಿಗೆ. ಇಂಗ್ಲೆಂಡಿನ ವಿಂಡ್‌ಸ್ಕೇಲ್‌ನಲ್ಲಿ 1957ರ ಅಕ್ಟೋಬರಿನಲ್ಲಿ ಅಣುಸ್ಥಾವರಕ್ಕೆ ಬೆಂಕಿ ಬಿದ್ದಾಗ ಅಧಿಕಾರಿಗಳು ಸುತ್ತಲಿನ ನೂರಾರು ಚದರ ಕಿ.ಮೀ. ಪ್ರದೇಶದ ಹಾಲನ್ನು ವಾರಗಟ್ಟಲೆ ಚೆಲ್ಲಿಸಿದರು. ರೈತರಿಗೆ ಸಂಕಟವಾಯಿತು, ಆದರೆ ಮಕ್ಕಳ ಮಟ್ಟಿಗೆ ಅದು ಸರಿಯಾದ ಕ್ರಮ.

1986ರ ಏಪ್ರಿಲ್ 26ರಂದು ಸೋವಿಯತ್ ದೇಶದ ಚೆರ್ನೋಬಿಲ್ ಸ್ಥಾವರ ಸ್ಫೋಟಿಸಿತು. ಅದಕ್ಕೆ ಕೈಗಾದಂಥ ರಕ್ಷಣೆಯ ಗುಮ್ಮಟವಿರಲಿಲ್ಲ. ಪಕ್ಕದ ಪ್ರಿಪ್ಯಾಟ್ ಊರಿನ ಸುಮಾರು 49 ಸಾವಿರ ಜನರನ್ನು ತೆರವು ಮಾಡಿಸಿದ್ದು ಸುಮಾರು 36 ತಾಸುಗಳ ನಂತರ. ಹೊರಜಗತ್ತಿಗೆ ಸುಳಿವು ಸಿಕ್ಕಿದ್ದು 28ರಂದು ಸ್ವೀಡನ್ ದೇಶದ ಅಣುಸ್ಥಾವರವೊಂದರಲ್ಲಿ ನೌಕರನ ಬೂಟುಗಳಲ್ಲಿ ವಿಕಿರಣ ಕಂಡಾಗ. ಸೋವಿಯತ್ ಸರ್ಕಾರ ಅಂದು ಸಂಜೆ ನಾಲ್ಕು ಸಾಲಿನ ಪ್ರಕಟಣೆ ಹೊರಡಿಸಿತು. ಮೇ ದಿನದ ಮೆರವಣಿಗೆ ಕೀವ್ ನಗರದಲ್ಲಿ ಎಂದಿನಂತೆ ನಡೆಯಿತು. ಹಳ್ಳಿಗಳಲ್ಲಿ ಮಕ್ಕಳು ಅದೇ ಹಾಲನ್ನು ಕುಡಿಯುತ್ತಿದ್ದರು. 2005ರ ಹೊತ್ತಿಗೆ ಆಗ ಮಕ್ಕಳೂ ಹದಿಹರೆಯದವರೂ ಆಗಿದ್ದವರಲ್ಲಿ ಆರು ಸಾವಿರಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರುಗಳು ವರದಿಯಾದವು. ಹೆಚ್ಚಿನವರು ಚಿಕಿತ್ಸೆಯಿಂದ ಬದುಕಿದರು ನಿಜ. ಆದರೆ ಇವುಗಳಲ್ಲಿ ದೊಡ್ಡ ಪಾಲನ್ನು, ಹಾಲು ಕುಡಿಸಬೇಡಿ ಎಂಬ ಒಂದು ಮಾತು ಸಕಾಲಕ್ಕೆ ಹೇಳಿದ್ದರೆ ತಪ್ಪಿಸಬಹುದಿತ್ತು.

ಪಕ್ಕದ ಪೋಲೆಂಡ್ ಏನು ಮಾಡಿತು? ಏಪ್ರಿಲ್ 29ರಿಂದಲೇ ಮಕ್ಕಳಿಗೆ ಅಯೋಡಿನ್ ದ್ರಾವಣ ಕುಡಿಸಲು ಶುರು ಮಾಡಿತು. ಕೆಲವೇ ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಕುಡಿಸಿತು. ಚಿಕ್ಕ ಮಕ್ಕಳಿಗೆ ತಾಜಾ ಹಾಲಿನ ಬದಲು ಹಾಲಿನ ಪುಡಿ ಕೊಟ್ಟಿತು.

ಗುಳಿಗೆಗೂ ಹೊತ್ತಿದೆ

ಥೈರಾಯ್ಡ್ ಗ್ರಂಥಿಗೆ ಮೊದಲೇ ಒಳ್ಳೆಯ ಅಯೋಡಿನ್ ಉಣಿಸಿ ಹೊಟ್ಟೆ ತುಂಬಿಸಿಬಿಟ್ಟರೆ ಕೆಟ್ಟ ಅಯೋಡಿನ್‌ಗೆ ಅಲ್ಲಿ ಜಾಗವಿರುವುದಿಲ್ಲ. ಪೊಟ್ಯಾಸಿಯಂ ಅಯೋಡೈಡ್ ಗುಳಿಗೆಯ ಕೆಲಸ ಇದೇ. ಹನ್ನೆರಡು ವರ್ಷ ಮೀರಿದವರಿಗೆ 130 ಮಿಲಿಗ್ರಾಂ, ಮೂರರಿಂದ ಹನ್ನೆರಡು ವರ್ಷದವರಿಗೆ ಅದರ ಅರ್ಧ, ಒಂದು ತಿಂಗಳಿಂದ ಮೂರು ವರ್ಷದವರೆಗೆ ಕಾಲು ಭಾಗ, ಹಸುಗೂಸಿಗೆ ಎಂಟನೆಯ ಒಂದು ಭಾಗ.

ವಿಕಿರಣದ ಮೋಡ ಬರುವುದಕ್ಕೆ ಒಂದು ದಿನ ಮೊದಲಿನಿಂದ, ಬಂದ ಎರಡು ತಾಸಿನ ಒಳಗೆ ತೆಗೆದುಕೊಂಡರೆ ಉತ್ತಮ ಫಲ. ಎಂಟು ತಾಸಿನವರೆಗೂ ಸ್ವಲ್ಪ ಉಪಯೋಗವಿದೆ. ಒಂದು ದಿನ ಕಳೆದ ಮೇಲೆ ನುಂಗಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಮಕ್ಕಳು, ಗರ್ಭಿಣಿಯರು, ಹಾಲುಣಿಸುವ ತಾಯಂದಿರಿಗೆ ಮೊದಲ ಆದ್ಯತೆ. ನಲವತ್ತು ದಾಟಿದವರಿಗೆ ಪ್ರಯೋಜನ ಕಡಿಮೆ. ಇದು ಸೀಸಿಯಂ, ಟ್ರಿಟಿಯಂ ಮೊದಲಾದ ಬೇರೆ ಯಾವ ವಸ್ತುವಿನಿಂದಲೂ ರಕ್ಷಿಸುವುದಿಲ್ಲ. ಸರ್ಕಾರ ಹೇಳಿದಾಗ ಮಾತ್ರ ತೆಗೆದುಕೊಳ್ಳಬೇಕೇ ಹೊರತು ಗೆಳೆಯರು ಹೇಳಿದರೆಂದು ಅಲ್ಲ.

2011ರ ಮಾರ್ಚಿನಲ್ಲಿ ಜಪಾನಿನ ಫುಕುಶಿಮಾದಲ್ಲಿ ಸುನಾಮಿಯಿಂದ ಅಣುಸ್ಥಾವರಗಳು ಕೆಟ್ಟಾಗ ಗುಳಿಗೆಗಳು ಗೋದಾಮಿನಲ್ಲಿದ್ದವು, ಹಂಚುವ ಆದೇಶ ಜನರನ್ನು ತಲುಪಲಿಲ್ಲ. ಆದರೆ ಮಿಹರು ಎಂಬ ಚಿಕ್ಕ ಊರಿನ ಆಡಳಿತ ಗಾಳಿಯ ದಿಕ್ಕು ನೋಡಿ ಮಾರ್ಚ್ 15ರಂದು ತಾನೇ ನಿರ್ಧರಿಸಿ ನಲವತ್ತರೊಳಗಿನವರಿಗೆ ಗುಳಿಗೆ ಹಂಚಿತು.

ಉಪ್ಪು ಔಷಧವಲ್ಲ

ಅದೇ ದಿನಗಳಲ್ಲಿ ಚೀನಾದಲ್ಲಿ ಜನ ಅಯೋಡಿನ್ ಬೆರೆಸಿದ ಉಪ್ಪಿಗಾಗಿ ಅಂಗಡಿಗಳಿಗೆ ಮುಗಿಬಿದ್ದರು. ಉಪ್ಪಿನಿಂದ ರಕ್ಷಣೆ ಸಿಗುತ್ತದೆಂಬ ಗಾಳಿಮಾತು ಹಬ್ಬಿತ್ತು. ನೀವೇ ಲೆಕ್ಕ ಹಾಕಿ ನೋಡಿ. ಒಂದು 130 ಮಿಲಿಗ್ರಾಂ ಗುಳಿಗೆಯಲ್ಲಿ ಸುಮಾರು 100 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ನಮ್ಮ ಮನೆಯ ಉಪ್ಪಿನಲ್ಲಿ ಕಿಲೋಗೆ 15ರಿಂದ 30 ಮಿಲಿಗ್ರಾಂ. ಒಂದು ಗುಳಿಗೆಗೆ ಸಮನಾಗಬೇಕಾದರೆ ಸುಮಾರು ಮೂರರಿಂದ ಏಳು ಕಿಲೋ ಉಪ್ಪು ತಿನ್ನಬೇಕು. ಅಷ್ಟು ತಿನ್ನುವ ಮೊದಲೇ ಉಪ್ಪು ಮನುಷ್ಯನನ್ನು ಕೊಲ್ಲುತ್ತದೆ. ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ಕುಡಿಯುವುದಂತೂ ವಿಷ ಕುಡಿದ ಹಾಗೆ.

ಓಡಿದವರ ಕಥೆ

ಅಪಘಾತ ಎಂದೊಡನೆ ಗಂಟುಮೂಟೆ ಕಟ್ಟಿ ಓಡುವುದು ಮನುಷ್ಯ ಸ್ವಭಾವ. 1979ರ ಮಾರ್ಚಿನಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರ ಕೆಟ್ಟಾಗ, ಎಂಟು ಕಿ.ಮೀ. ಒಳಗಿನ ಗರ್ಭಿಣಿಯರೂ ಚಿಕ್ಕ ಮಕ್ಕಳೂ ಹೊರಡಲಿ ಎಂದು ರಾಜ್ಯಪಾಲರು ಸೂಚಿಸಿದರು. ಅಂಥವರು ಕೆಲವೇ ಸಾವಿರ. ಹೊರಟದ್ದು ಸುಮಾರು 1 ಲಕ್ಷ 40 ಸಾವಿರ ಜನ. ಅಲ್ಲಿ ಗುಮ್ಮಟ ತನ್ನ ಕೆಲಸ ಮಾಡಿತ್ತು. ಸುತ್ತಲಿನವರಿಗೆ ತಗಲಿದ ಸರಾಸರಿ ವಿಕಿರಣ ಎದೆಯ ಎಕ್ಸ್‌ರೇಗಿಂತಲೂ ಕಡಿಮೆ. ಆದರೆ ದಿನಕ್ಕೊಂದು ಹೇಳಿಕೆ ಕೇಳಿದ ಜನ ಯಾರನ್ನೂ ನಂಬದಾಗಿದ್ದರು.

ಫುಕುಶಿಮಾದ ಕಥೆ ಇನ್ನೂ ಕರುಣಾಜನಕ. ಸ್ಥಾವರದ ಹತ್ತಿರದ ಫುತಾಬಾ ಆಸ್ಪತ್ರೆಯ ಹಾಸಿಗೆ ಹಿಡಿದ ವೃದ್ಧ ರೋಗಿಗಳನ್ನು ತರಾತುರಿಯಲ್ಲಿ ಬಸ್ಸುಗಳಲ್ಲಿ ತಾಸುಗಟ್ಟಲೆ ಸಾಗಿಸಲಾಯಿತು. ಜೊತೆಗೆ ವೈದ್ಯರಿಲ್ಲ, ಔಷಧವಿಲ್ಲ. ನಲವತ್ತಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರು. ಅವರನ್ನು ಕೊಂದದ್ದು ವಿಕಿರಣವಲ್ಲ, ಪ್ರಯಾಣ. ಆ ಪ್ರಾಂತದಲ್ಲಿ ಸ್ಥಳಾಂತರದ ಕಷ್ಟ, ಚಿಕಿತ್ಸೆಯ ಅಭಾವ, ಮನೋವ್ಯಥೆಗಳಿಂದ ಸತ್ತವರೆಂದು ಸರ್ಕಾರವೇ ಗುರುತಿಸಿದವರು ಎರಡು ಸಾವಿರಕ್ಕೂ ಹೆಚ್ಚು. ಇನ್ನೊಂದೆಡೆ ನಾಮಿಯೆ ಊರಿನ ಜನ ಸುರಕ್ಷಿತವೆಂದು ತಿಳಿದು ತ್ಸುಶಿಮಾ ಎಂಬಲ್ಲಿಗೆ ಓಡಿದರು. ಗಾಳಿ ಅದೇ ದಿಕ್ಕಿಗೆ ಬೀಸುತ್ತಿತ್ತು. ವಿಕಿರಣದ ಮೋಡ ಎತ್ತ ಹೋಗಬಹುದೆಂಬ ಲೆಕ್ಕ ಸರ್ಕಾರದ ಗಣಕಯಂತ್ರದಲ್ಲಿತ್ತು. ಊರಿನವರಿಗೆ ಯಾರೂ ಹೇಳಲಿಲ್ಲ.

ಓಡಬೇಕಾದ ಸಂದರ್ಭವೂ ಇರುತ್ತದೆ. ನಮ್ಮ ದೇಶದಲ್ಲಿ ಸ್ಥಾವರದ ಸುತ್ತಲಿನ 16 ಕಿ.ಮೀ. ವಲಯಕ್ಕೆ ಮೊದಲೇ ತುರ್ತು ಯೋಜನೆ ಸಿದ್ಧವಿರಬೇಕೆಂಬ ಪದ್ಧತಿ ಬೆಳೆದುಬಂದಿದೆ. ಹೊರಗಿನ ಜನರ ರಕ್ಷಣೆಯ ಹೊಣೆ ಜಿಲ್ಲಾಧಿಕಾರಿಗಳದು. ಆ ವಲಯದವರು ಅವರ ಸೂಚನೆಯಂತೆ, ಅವರು ಹೇಳಿದ ದಾರಿಯಲ್ಲಿ ಹೊರಡಬೇಕು. ಉಳಿದವರಿಗೆ ಮೊದಲ ಆಶ್ರಯ ತಮ್ಮ ಮನೆಯೇ.

ವಿಜಯಪುರದವರು ಏನು ಮಾಡಬೇಕು?

ಇಷ್ಟು ದೂರದಲ್ಲಿ ಊರು ಬಿಡುವ ಅಥವಾ ಗುಳಿಗೆ ನುಂಗುವ ಪ್ರಸಂಗ ಬರುವುದು ತೀರಾ ಅಸಂಭವ. ಆದರೆ ದೂರವೊಂದೇ ರಕ್ಷೆಯಲ್ಲ. ಗಾಳಿ ಮತ್ತು ಮಳೆಯನ್ನೂ ನೋಡಬೇಕು. ಚೆರ್ನೋಬಿಲ್‌ನ ಸೀಸಿಯಂ ಎರಡು ಸಾವಿರ ಕಿ.ಮೀ. ಆಚೆ ಬ್ರಿಟನ್ನಿನ ವೇಲ್ಸ್ ಗುಡ್ಡಗಳ ಮೇಲೆ ಮಳೆಯೊಂದಿಗೆ ಬಿತ್ತು. ಅಲ್ಲಿನ ಕುರಿಗಳ ಮಾರಾಟದ ಮೇಲಿನ ನಿರ್ಬಂಧ ಪೂರ್ತಿ ತೆರವಾದದ್ದು 2012ರಲ್ಲಿ. ನಮ್ಮಲ್ಲಿ ಮಳೆಗಾಲದ ಗಾಳಿ ನೈಋತ್ಯದಿಂದ ಈಶಾನ್ಯಕ್ಕೆ ಬೀಸುತ್ತದೆ. ಅಂದರೆ ಕೈಗಾದ ಕಡೆಯಿಂದ ನಮ್ಮ ಕಡೆಗೆ. ಆದ್ದರಿಂದ ಎಚ್ಚರಿಕೆ ಬಂದರೆ ಮುಖ್ಯವಾಗಿ ಹಾಲು, ಸೊಪ್ಪು, ನೀರುಗಳ ಬಗ್ಗೆ ಗಮನವಿರಲಿ.

1. ಮನೆಯೊಳಗಿರಿ. ಬಾಗಿಲು ಕಿಟಕಿ ಮುಚ್ಚಿ, ಫ್ಯಾನು, ಕೂಲರ್ ನಿಲ್ಲಿಸಿ. ದಪ್ಪ ಕಲ್ಲುಗೋಡೆಯ ಹಳೆಯ ಮನೆಗಳು ತಗಡಿನ ಮನೆಗಿಂತ ಎಷ್ಟೋ ಮೇಲು. ತಗಡಿನ ಮನೆಯವರು ನೆರೆಯ ಗಟ್ಟಿ ಕಟ್ಟಡಕ್ಕೆ ಹೋಗಿ. ಒಳಗಿನ ನಡುಕೋಣೆಯಲ್ಲಿ ಕುಳಿತುಕೊಳ್ಳಿ.

2. ಹೊರಗಿನಿಂದ ಬಂದವರು ಮೇಲುಡುಪನ್ನು ಬಾಗಿಲಲ್ಲೇ ತೆಗೆದು ಚೀಲದಲ್ಲಿ ಕಟ್ಟಿಡಿ. ಮೈಮೇಲಿನ ಧೂಳಿನ ಹೆಚ್ಚಿನ ಪಾಲು ಬಟ್ಟೆಯೊಂದಿಗೇ ಹೋಗುತ್ತದೆ. ನಂತರ ಸಾಬೂನು ಹಚ್ಚಿ ಸ್ನಾನ ಮಾಡಿ. ಉಜ್ಜಿ ಚರ್ಮ ಕೆರೆಯಬೇಡಿ.

3. ಮುಚ್ಚಿದ ತೊಟ್ಟಿಯ ಅಥವಾ ಕೊಳವೆ ಬಾವಿಯ ನೀರು ಕುಡಿಯಿರಿ. ಕೆರೆಯ ನೀರು, ಮಳೆ ನೀರು ಬೇಡ. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ವಿಕಿರಣ ಹೋಗುವುದಿಲ್ಲ.

4. ಆಕಳು, ಎಮ್ಮೆಗಳನ್ನು ಬಯಲಿಗೆ ಬಿಡಬೇಡಿ. ಕೊಟ್ಟಿಗೆಯಲ್ಲಿ ಕಟ್ಟಿ, ಬಣವೆಯ ಮೇಲ್ಪದರ ತೆಗೆದು ಒಳಗಿನ ಒಣ ಕಣಿಕೆ ಹಾಕಿ. ಜೋಳದ ಕಣಿಕೆಯನ್ನು ವರ್ಷಕ್ಕಾಗುವಷ್ಟು ಕೂಡಿಡುವ ನಮ್ಮ ರೈತರ ಪದ್ಧತಿ ಇಲ್ಲಿ ದೊಡ್ಡ ಅನುಕೂಲ.

5. ಪರೀಕ್ಷೆಯಾಗದ ತಾಜಾ ಹಾಲನ್ನು ಮಕ್ಕಳಿಗೆ ಕೊಡಬೇಡಿ. ಅಪಘಾತಕ್ಕೆ ಮೊದಲು ತಯಾರಾದ ಹಾಲಿನ ಪುಡಿ ಕೊಡಿ. ಅಯೋಡಿನ್-131 ಪ್ರತಿ ಎಂಟು ದಿನಕ್ಕೆ ಅರ್ಧಕ್ಕಿಳಿಯುತ್ತದೆ. ಎಂಬತ್ತು ದಿನಗಳಲ್ಲಿ ಸಾವಿರದ ಒಂದು ಭಾಗ ಮಾತ್ರ ಉಳಿಯುತ್ತದೆ. ತಾಯಿಯ ಎದೆಹಾಲನ್ನು ವೈದ್ಯರು ಹೇಳದ ಹೊರತು ನಿಲ್ಲಿಸಬೇಡಿ.

6. ಬಯಲಿನಲ್ಲಿರುವ ಮೆಂತ್ಯ, ಪಾಲಕ, ರಾಜಗಿರಿ ಸೊಪ್ಪುಗಳನ್ನು ಪರೀಕ್ಷೆ ಆಗುವ ತನಕ ಬಿಡಿ. ಮನೆಯಲ್ಲಿರುವ ಜೋಳ, ಬೇಳೆ, ಉಳ್ಳಾಗಡ್ಡೆಗೆ ಏನೂ ಆಗುವುದಿಲ್ಲ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರು ಒಣಗಲು ಹಾಕಿದ ಹಣ್ಣನ್ನು ತಾಡಪತ್ರಿಯಿಂದ ಮುಚ್ಚಿ, ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಮಾರುವುದು ಕ್ಷೇಮ.

ಗರ್ಭಿಣಿಯರಿಗೆ ಒಂದು ಮಾತು

ಚೆರ್ನೋಬಿಲ್ ಅಪಘಾತವಾದಾಗ ಗ್ರೀಸ್ ದೇಶದಲ್ಲಿ ತಗಲಿದ ವಿಕಿರಣ ಅತ್ಯಲ್ಪ. ಆದರೆ ಮಗು ವಿಕಲಾಂಗವಾಗಿ ಹುಟ್ಟೀತೆಂದು ಹೆದರಿ ಸುಮಾರು ಎರಡೂವರೆ ಸಾವಿರ ತಾಯಂದಿರು ಬೇಕಿದ್ದ ಗರ್ಭವನ್ನೇ ತೆಗೆಸಿಕೊಂಡರೆಂದು ಅಲ್ಲಿನ ವೈದ್ಯರು ಅಂದಾಜು ಮಾಡಿದರು. ಹಲವರಿಗೆ ಈ ಸಲಹೆ ಕೊಟ್ಟದ್ದು ವೈದ್ಯರೇ ಎಂಬುದು ನಾಚಿಕೆಯ ಸಂಗತಿ. ಗರ್ಭಕ್ಕೆ ತಗಲಿದ ವಿಕಿರಣ 100 ಮಿಲಿಸೀವರ್ಟ್‌ಗಿಂತ ಕಡಿಮೆ ಇದ್ದರೆ ಅದೊಂದೇ ಕಾರಣಕ್ಕೆ ಗರ್ಭಪಾತ ಮಾಡಿಸಬೇಕಿಲ್ಲ ಎಂಬುದು ಅಂತರರಾಷ್ಟ್ರೀಯ ತಜ್ಞರ ಮಾರ್ಗದರ್ಶನ. ನಿಮ್ಮ ಮನೆಯ ಸೊಸೆ ಗೊತ್ತಿಲ್ಲದೆ ಎಕ್ಸ್‌ರೇ ತೆಗೆಸಿಕೊಂಡಿದ್ದರೂ ಇದೇ ಮಾತು ಅನ್ವಯಿಸುತ್ತದೆ. ಅವಸರದ ನಿರ್ಧಾರ ಬೇಡ. ಎಷ್ಟು ತಗಲಿದೆ ಎಂದು ವೈದ್ಯರಿಂದ ಲೆಕ್ಕ ಕೇಳಿ.

ಭಯವೂ ಕಾಯಿಲೆಯೇ

ಚೆರ್ನೋಬಿಲ್‌ನಲ್ಲಿ ಅಂದಿನ ರಾತ್ರಿ ಇಬ್ಬರು, ಮುಂದಿನ ಕೆಲವು ತಿಂಗಳಲ್ಲಿ ತೀವ್ರ ವಿಕಿರಣದಿಂದ 28 ಮಂದಿ ಸತ್ತರು. ಮುಂದೆ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆಯ ಬಗ್ಗೆ ತಜ್ಞರಲ್ಲೇ ವಾದವಿದೆ. ಆದರೆ ಇಪ್ಪತ್ತು ವರ್ಷಗಳ ನಂತರ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ಮಾಡಿದ ಸಮೀಕ್ಷೆ, ಜನರ ಆರೋಗ್ಯಕ್ಕಾದ ಅತಿ ದೊಡ್ಡ ಹಾನಿ ಮಾನಸಿಕವಾದದ್ದು ಎಂದಿತು. ಊರು ಕಳೆದುಕೊಂಡವರು, ತಮ್ಮ ಆಯುಷ್ಯ ಮುಗಿಯಿತೆಂದು ನಂಬಿದವರು, ಕುಡಿತಕ್ಕೆ ಬಿದ್ದವರು ಲಕ್ಷಗಟ್ಟಲೆ. ಜಪಾನಿನಲ್ಲಿ ಫುಕುಶಿಮಾದಿಂದ ಬಂದ ಮಕ್ಕಳನ್ನು ಬೇರೆ ಶಾಲೆಗಳ ಮಕ್ಕಳು ಹೀಯಾಳಿಸಿದ್ದೂ ಉಂಟು. ಬಟ್ಟೆ ಬದಲಿಸಿ ಸ್ನಾನ ಮಾಡಿದ ಮೇಲೆ ಅಂಥವರಿಂದ ಯಾರಿಗೂ ಏನೂ ಅಂಟುವುದಿಲ್ಲ. ವಿಕಿರಣ ಸಿಡುಬಿನಂತೆ ಹರಡುವ ರೋಗವಲ್ಲ.

ಹಾಗೆಂದು ಜನರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದೂ ಸರಿಯಲ್ಲ. ಮಾಹಿತಿ ಮುಚ್ಚಿಟ್ಟಲ್ಲೆಲ್ಲ ಭಯ ಬೆಳೆದಿದೆ. ಏನೂ ಆಗಿಲ್ಲ ಎಂದು ಮೊದಲು ಹೇಳಿ, ಆಮೇಲೆ ಸ್ವಲ್ಪ ಆಗಿದೆ ಎಂದವರ ಮಾತನ್ನು ಮೂರನೆಯ ಸಲ ಯಾರೂ ನಂಬುವುದಿಲ್ಲ, ಅದು ನಿಜವೇ ಆಗಿದ್ದರೂ. ಕೈಗಾದ ಕೂಲರ್ ಪ್ರಕರಣದಲ್ಲಿ ಹಳ್ಳಿಯವರು ಕೇಳಿದ್ದು ನ್ಯಾಯವಾದದ್ದನ್ನೇ: ನಾವು ಕುಡಿಯುವ ನೀರಿನಲ್ಲಿ ಏನಿದೆ, ಎಷ್ಟಿದೆ?

ಮುಂದೆ ಯಾವ ಸ್ಥಾವರದಿಂದ ಇಂಥ ಸುದ್ದಿ ಬಂದರೂ ನೀವು ನಾಲ್ಕು ಪ್ರಶ್ನೆ ಕೇಳಿ. ಯಾವ ವಸ್ತು ಹೊರಬಂದಿದೆ? ಎಲ್ಲಿ, ಎಷ್ಟು ಮಿಲಿಸೀವರ್ಟ್ ಅಳೆದಿದ್ದಾರೆ? ಗಾಳಿ ಯಾವ ಕಡೆಗಿದೆ? ಹಾಲು, ನೀರನ್ನು ಪರೀಕ್ಷಿಸಿದವರು ಯಾರು? ಉತ್ತರ ಬರುವ ತನಕ ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಳ್ಳಿ, ರೇಡಿಯೋ ಹಚ್ಚಿಡಿ, ಫೋನಿನಲ್ಲಿ ಬಂದ ಗಾಳಿಮಾತನ್ನು ಮುಂದಕ್ಕೆ ಕಳಿಸಬೇಡಿ. ಮನೆಯಲ್ಲಿ ಎರಡು ದಿನದ ಮುಚ್ಚಿಟ್ಟ ನೀರು, ಒಂದು ಡಬ್ಬಿ ಹಾಲಿನ ಪುಡಿ, ಬ್ಯಾಟರಿ, ಹಿರಿಯರ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಗುಳಿಗೆಗಳು ಯಾವಾಗಲೂ ಇರಲಿ. ಅಣು ಅಪಘಾತ ಎಂದೂ ಆಗದೆ ಹೋದರೂ ನೆರೆ ಬಂದಾಗ, ಕರೆಂಟು ಹೋದಾಗ ಅವು ಉಪಯೋಗಕ್ಕೆ ಬರುತ್ತವೆ.